ಕಾಸದ ಹಾಲು: ಕಲಬುರಗಿಯ ಒಬ್ಬ ಮಾಸ್ತರರ ಹಸಿ ಆಹಾರದ ಪ್ರಕರಣ

ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜನವರಿ ಕೊನೆಯಲ್ಲಿ ಮಾಸ್ತರರು ನನ್ನ ಬಳಿ ಬಂದಾಗ ಅವರ ಕಾರ್ಡಿನಲ್ಲಿ ‘ಹಾಲು, ದಿನಕ್ಕೆ ಒಂದು ಲೋಟ’ ಎಂದು ಬರೆದುಕೊಂಡೆ. ಕಾಸಿದ್ದೋ ಕಾಸದ್ದೋ ಎಂದು ಕೇಳಲಿಲ್ಲ. ಹದಿನೆಂಟು ವರ್ಷದಿಂದ ಪಥ್ಯ ಹೇಳುವ ಕೆಲಸ ಮಾಡುತ್ತಿದ್ದೇನೆ, ನಮ್ಮ ಕಡೆ ಹಾಲೆಂದರೆ ಕಾಸಿದ ಹಾಲೇ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು.

ಮಾಸ್ತರರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 51 ವರ್ಷ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಮನೆ ಆಳಂದ ರಸ್ತೆಯ ಕಡೆ. ಹೆಂಡತಿ, ಎಂಬತ್ತು ದಾಟಿದ ತಾಯಿ, ರಜೆಗೆ ಬಂದು ಹೋಗುವ ಮೊಮ್ಮಗ. ಮಾಂಸ, ಮೊಟ್ಟೆ ಮನೆಯೊಳಗೆ ಬಂದೇ ಇಲ್ಲ. ಸಕ್ಕರೆ ಕಾಯಿಲೆ ಏಳು ವರ್ಷದ್ದು. ಮೆಟ್‌ಫಾರ್ಮಿನ್ ದಿನಕ್ಕೆರಡು, ಗ್ಲಿಮೆಪಿರೈಡ್ ಒಂದು. ಮೊದಲ ಸಲ ಬಂದಾಗ ತೂಕ 84 ಕಿಲೋ, ಎತ್ತರ 168 ಸೆಂ.ಮೀ., ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.6. ಅವರ ಅಪ್ಪನಿಗೂ ಇದೇ ಕಾಯಿಲೆ ಇತ್ತು, ಕೊನೆಗೆ ಒಂದು ಕಾಲು ತೆಗೆಯಬೇಕಾಯಿತು. ಆಸ್ಪತ್ರೆಯ ವರಾಂಡದಲ್ಲಿ ಆ ರಾತ್ರಿ ಕೂತಿದ್ದು ಇವರೇ. ಅದನ್ನು ತಿಳಿಯದೆ ಈ ಮನುಷ್ಯ ಯಾಕೆ ಇಷ್ಟು ದೂರ ಹೋದರೆಂದು ತಿಳಿಯುವುದಿಲ್ಲ. ‘ಮೂಢ’ ಎಂದು ನಗುವವರು ನಕ್ಕಾರು. ನನಗೆ ನಗು ಬರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಪಲ್ಯ, ಸಜ್ಜೆ ಕಡಬು ಹೊಟ್ಟೆ ಬಿರಿಯೆ ಉಂಡು ಬಂದರಂತೆ. ಅದೇ ಕೊನೆಯ ಊಟ ಎಂದು ತೀರ್ಮಾನಿಸಿದ್ದರು. ಮರುದಿನದಿಂದ ‘ಪೂರ್ವಜರ ಆಹಾರ’. ಮೊಬೈಲಿನಲ್ಲಿ ಎರಡು ತಿಂಗಳು ವಿಡಿಯೋ ನೋಡಿದ್ದರು. ಬೆಂಕಿ ಮುಟ್ಟಿದ ಅನ್ನ ಸತ್ತ ಅನ್ನ, ಕಾಡಿನ ಯಾವ ಪ್ರಾಣಿಯೂ ಒಲೆ ಹಚ್ಚುವುದಿಲ್ಲ, ಹಸಿಯಲ್ಲಿರುವ ಕಿಣ್ವಗಳೇ ನಮ್ಮ ರೋಗ ಮಾಯಿಸುತ್ತವೆ ಎಂಬ ಮಾತುಗಳು. ಹೊರದೇಶದಲ್ಲಿ ಈ ಪಂಥದವರು ಹಸಿ ಮಾಂಸ, ಹಸಿ ಯಕೃತ್ತು, ಹಸಿ ಮೊಟ್ಟೆಯನ್ನೂ ತಿನ್ನುತ್ತಾರೆ. ಮಾಸ್ತರರ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾಗಾಗಿ ‘ಜೀವಂತ’ ಆಹಾರದ ಭಾರವೆಲ್ಲ ಹಾಲಿನ ಮೇಲೆ ಬಿತ್ತು.

ಮುಂಜಾನೆ ನೆನೆಸಿದ ಶೇಂಗಾ, ಹಸಿ ಕೊಬ್ಬರಿ, ಮೊಳಕೆ ಹೆಸರು, ಮಡಕಿ. ಮಧ್ಯಾಹ್ನ ಒಂದು ತಾಟು ತುಂಬ ಸೌತೆಕಾಯಿ, ಗಜ್ಜರಿ, ಮೂಲಂಗಿ, ಹಕ್ಕರಕಿ, ಹಸಿ ಮೆಂತ್ಯೆ, ಉಳ್ಳಾಗಡ್ಡಿ, ಮೊಸರು. ಸಂಜೆ ಪೇರಲ ಇಲ್ಲವೆ ಬಾರಿಹಣ್ಣು, ಒಂದು ಲೋಟ ಹಾಲು. ರಾತ್ರಿ ಮಾತ್ರ ಒಂದು ಜೋಳದ ರೊಟ್ಟಿ, ಅದೂ ಅವ್ವನ ಕಣ್ಣೀರಿಗೆ ಸೋತು.

ಈ ಪಟ್ಟಿ ನೋಡಿ ನನಗೆ ಹೆದರಿಕೆಗಿಂತ ಸಂತೋಷವೇ ಆಯಿತು. ಯಾಕೆಂದರೆ ಇದರ ಅರ್ಧ ನಮ್ಮ ತಾಟಿನಲ್ಲಿ ಮೊದಲಿಂದ ಇದ್ದದ್ದೇ. ರೊಟ್ಟಿಯ ಪಕ್ಕಕ್ಕೆ ಹಸಿ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ಇಡದ ಮನೆ ನಮ್ಮ ಕಡೆ ಯಾವುದಿದೆ? ಕಿಣ್ವದ ವಾದ ನಿಲ್ಲುವುದಿಲ್ಲ ಎಂದು ಹೇಳಿದೆ. ಕಿಣ್ವಗಳೂ ಪ್ರೋಟೀನೇ, ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ಬೇಳೆಯ ಪ್ರೋಟೀನಿನಂತೆ ಅವೂ ತುಂಡಾಗುತ್ತವೆ. ಆದರೆ ಚಹಾ ಜತೆ ನಾಲ್ಕು ಬಿಸ್ಕೀಟು, ಸಂಜೆಯ ಮಿರ್ಚಿ ಭಜಿ, ರಾತ್ರಿ ಎರಡು ತಾಟು ಅನ್ನ ನಿಂತಿದ್ದವಲ್ಲ. ಅವನ್ನು ನಾನು ಏಳು ವರ್ಷ ಹೇಳಿದ್ದರೂ ನಿಲ್ಲಿಸುತ್ತಿದ್ದೆನೋ ಇಲ್ಲವೋ.

ಒಂದನ್ನು ಮಾತ್ರ ಅಲ್ಲೇ ತಡೆದೆ. ಮಾಸ್ತರರು ಜೋಳಕ್ಕೆ ಮೊಳಕೆ ಬರಿಸಿ, ನಾಲ್ಕೈದು ದಿನ ಬೆಳೆಸಿ, ಆ ಹಸಿರು ಕುಡಿಯನ್ನೂ ಕಾಳನ್ನೂ ಮಿಕ್ಸಿಗೆ ಹಾಕಿ ರಸ ಕುಡಿಯಲು ಶುರು ಮಾಡಿದ್ದರು. ಗೋಧಿ ಹುಲ್ಲಿನ ರಸ ಕುಡಿಯುತ್ತಾರಲ್ಲ, ನಮ್ಮದು ಜೋಳದ ನಾಡು, ಜೋಳದ್ದೇ ಕುಡಿದರಾಯಿತು ಎಂದು ಲೆಕ್ಕ.

“ಸರ್ರೀ, ಮಳಿ ಇಲ್ದಾಗ ಬಾಡಿದ ಎಳಿ ಜ್ವಾಳದ ಮ್ಯಾಲ ದನ ಬಿಡ್ತೀರೇನು?” ಎಂದೆ.

ಒಂದು ಗಳಿಗೆ ಸುಮ್ಮನಿದ್ದು ಹಣೆ ಬಡಿದುಕೊಂಡರು. “ಅಯ್ಯೋ, ನಮ್ಮ ಎತ್ತು ಒಂದು ಹಂಗೇ ಹೊಟ್ಟಿ ಉಬ್ಬಿ ಸತ್ತಿತ್ತಲ್ರಿ!”

ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ಎಲೆಯನ್ನು ಅಗಿದಾಗ, ಜಜ್ಜಿದಾಗ ಅದರಿಂದ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಒಣಗಿದ ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆಯೊಡೆದು ಕುಡಿ ಹಸಿರಾಗುವಾಗ ಏರುತ್ತದೆ. ದನ ಮೇಯಿಸಿದವರಿಗೆ ಈ ರಸಾಯನಶಾಸ್ತ್ರ ಗೊತ್ತಿಲ್ಲದಿದ್ದರೂ ಅದರ ಪರಿಣಾಮ ಗೊತ್ತು. ಜೋಳದ ರಸ ಅಂದೇ ನಿಂತಿತು. ಅಲಸಂದೆ, ಅವರೆ, ತೊಗರಿಯ ಮೊಳಕೆಯನ್ನೂ ಬೇಯಿಸಿಯೇ ತಿನ್ನಿ ಎಂದೆ. ಕಾಳಿನಲ್ಲಿರುವ ಲೆಕ್ಟಿನ್, ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳು ಕುದಿಯುವ ನೀರಿಗಷ್ಟೇ ಬಗ್ಗುತ್ತವೆ. ಅದನ್ನು ಅವರ ಹೊಟ್ಟೆಯೇ ಅದಾಗಲೇ ಹೇಳಿತ್ತು, ಆ ಕತೆ ಇಲ್ಲಿ ಬೇಡ.

ಅವತ್ತು ನನಗೆ ಹೆಮ್ಮೆಯಾಗಿತ್ತು. ದೊಡ್ಡದೊಂದು ಅಪಾಯ ಹಿಡಿದೆ ಎಂಬ ಆ ಹೆಮ್ಮೆಯಲ್ಲೇ ಹಾಲಿನ ಸಾಲನ್ನು ದಾಟಿಹೋದೆ.

ಏಪ್ರಿಲ್ ಮೊದಲ ವಾರದಲ್ಲಿ ತೂಕ 75 ಕಿಲೋ, ಎಚ್‌ಬಿಎ1ಸಿ 6.8. ಮಾರ್ಚಿನಲ್ಲಿ ಎರಡು ಸಲ ಸಕ್ಕರೆ ಇಳಿದು ಕೈ ನಡುಗಿದ್ದರಿಂದ ಗ್ಲಿಮೆಪಿರೈಡನ್ನು ವೈದ್ಯರೇ ನಿಲ್ಲಿಸಿದ್ದರು. ಮೆಟ್‌ಫಾರ್ಮಿನ್ ಬಿಡಬೇಡಿ ಎಂದಿದ್ದರು. ಅದನ್ನು ಮಾಸ್ತರರು ತಾವೇ ಬಿಟ್ಟರು. ಶರಣಬಸವೇಶ್ವರ ಜಾತ್ರೆಯಲ್ಲಿ ಸಿಕ್ಕ ಗೆಳೆಯರೆಲ್ಲ ‘ಏನ್ರೀ ಮಾಸ್ತರ್, ಹುಡುಗ ಆಗೀರಿ’ ಎಂದರಂತೆ. ಅಪ್ಪನ ಕೆರೆಯ ಸುತ್ತ ಮುಂಜಾನೆ ನಡೆಯುವಾಗ ಎರಡು ಮಂದಿ ಶಿಷ್ಯರೂ ಹುಟ್ಟಿಕೊಂಡಿದ್ದರು.

ಒಂಬತ್ತು ಕಿಲೋ ಇಳಿದರೆ, ಅನ್ನ-ಸಕ್ಕರೆ-ಕರಿದದ್ದು ನಿಂತರೆ, ದಿನಾ ನಡೆದರೆ ಈ ಕಾಯಿಲೆಯಲ್ಲಿ ಸಕ್ಕರೆ ಇಳಿಯುತ್ತದೆ. ಆ ಗಜ್ಜರಿಯನ್ನು ಬೇಯಿಸಿ ತಿಂದಿದ್ದರೂ ಹೆಚ್ಚು ಕಡಿಮೆ ಇಷ್ಟೇ ಇಳಿಯುತ್ತಿತ್ತು. ಇದನ್ನು ಹೇಳಿದೆ, ಆದರೆ ಮೆಲ್ಲಗೆ ಹೇಳಿದೆ. ಗೆದ್ದವನಿಗೆ ‘ನೀನು ಗೆದ್ದದ್ದು ನೀನು ತಿಳಿದ ಕಾರಣಕ್ಕಲ್ಲ’ ಎಂದರೆ ಯಾರು ಕೇಳುತ್ತಾರೆ?

ಅವರು ಗಾಂಧೀಜಿಯನ್ನು ಎಳೆತಂದರು. ಗಾಂಧೀಜಿ ಹಸಿ ಆಹಾರದ ಪ್ರಯೋಗ ಮಾಡಿದ್ದು ನಿಜ. 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಒಮ್ಮೆ, 1929ರಲ್ಲಿ ಸಾಬರಮತಿ ಆಶ್ರಮದಲ್ಲಿ ಮತ್ತೊಮ್ಮೆ. ಆದರೆ ಮೊದಲನೆಯದನ್ನು ಕೆಲವೇ ದಿನಕ್ಕೆ ಬಿಟ್ಟರು, ಎರಡನೆಯದು ಆಮಶಂಕೆಗೆ ಮುಗಿಯಿತು. ಎರಡನ್ನೂ ಮುಚ್ಚಿಡದೆ ಪತ್ರಿಕೆಯಲ್ಲಿ ಬರೆದರು. ಮಾಸ್ತರರ ವಿಡಿಯೋದಲ್ಲಿ ಶುರುವಾದದ್ದು ಇತ್ತು, ಮುಗಿದದ್ದು ಇರಲಿಲ್ಲ. “ಆಡಿನ ಹಾಲು ಕುಡಿದ್ರಲ್ರಿ ಬಾಪೂ?” ಎಂದರು. ಹೌದು, 1919ರಿಂದ ಕುಡಿದರು ಎಂದೆ. ಆಗಲಾದರೂ ‘ನೀವು ಕುಡಿಯುವುದೂ ಆಡಿನದೇನು? ಹೇಗೆ ಕುಡಿಯುತ್ತೀರಿ?’ ಎಂದು ಬಾಯಿಗೆ ಬರಬೇಕಿತ್ತು. ಬರಲಿಲ್ಲ.

ಏಪ್ರಿಲ್ ನಡುವಿನಲ್ಲಿ ಜ್ವರ ಶುರುವಾಯಿತು. ಮುಂಜಾನೆ ಇಲ್ಲ, ಮಧ್ಯಾಹ್ನ ಇಳಿದ ಮೇಲೆ ಮೈ ಬಿಸಿ, ರಾತ್ರಿ ಹತ್ತರ ಹೊತ್ತಿಗೆ 101, 102 ಡಿಗ್ರಿ, ನಸುಕಿನಲ್ಲಿ ಬೆವತು ಇಳಿಯುವುದು. ನಾಲ್ಕು ದಿನ ಬರುವುದು, ಮೂರು ದಿನ ಬಿಡುವುದು. ಕಲಬುರಗಿಯ ಏಪ್ರಿಲ್-ಮೇ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ನಲವತ್ತು ಡಿಗ್ರಿ ದಾಟಿದ ಹಗಲು, ಕಾದ ಗಚ್ಚಿನ ಕೆಳಗಿನ ರಾತ್ರಿ, ಹೋಗಿ ಬಂದು ಮಾಡುವ ಕರೆಂಟು. ರಾತ್ರಿ ಬನಿಯನ್ ತೋಯ್ದರೆ ಅದನ್ನು ರೋಗದ ಲಕ್ಷಣ ಎಂದು ಯಾರು ಎಣಿಸುತ್ತಾರೆ? ಬೇರೆ ಊರಿನಲ್ಲಿ, ಬೇರೆ ಕಾಲದಲ್ಲಿ ಆಗಿದ್ದರೆ ಆ ಬೆವರೇ ವೈದ್ಯರಿಗೆ ದಾರಿ ತೋರಿಸುತ್ತಿತ್ತು.

ಹಸಿ ಆಹಾರದವರ ಬಳಿ ಜ್ವರಕ್ಕೆ ಸಿದ್ಧ ಉತ್ತರವಿದೆ: ಶುದ್ಧೀಕರಣ. ಮೈಯಲ್ಲಿ ವರ್ಷಗಟ್ಟಲೆ ಕೂಡಿದ ವಿಷ ಹೊರಬೀಳುತ್ತಿದೆ, ಜ್ವರ ಬಂದಷ್ಟೂ ಒಳ್ಳೆಯದು, ತಡೆಯಬೇಡಿ. ನನ್ನ ಜಗಳ ಇರುವುದು ಈ ಮಾತಿನೊಂದಿಗೆ, ಸೌತೆಕಾಯಿಯೊಂದಿಗಲ್ಲ. ಚೆನ್ನಾಗಿದ್ದರೆ ಆಹಾರ ಕೆಲಸ ಮಾಡುತ್ತಿದೆ, ಕೆಟ್ಟರೆ ಇನ್ನೂ ಹೆಚ್ಚು ಕೆಲಸ ಮಾಡುತ್ತಿದೆ. ಹೀಗೆಂದುಕೊಂಡ ಮೇಲೆ ಮೈ ಕೂಗಿ ಹೇಳಿದರೂ ಕೇಳಿಸುವುದಿಲ್ಲ. ಮೂರು ತಿಂಗಳ ಗೆಲುವು ಆ ಮಾತಿಗೆ ಸಾಕ್ಷಿಯಾಗಿ ನಿಂತಿತ್ತು ಬೇರೆ. ಸಕ್ಕರೆ ವಿಷಯದಲ್ಲಿ ವಿಡಿಯೋದವರು ಹೇಳಿದ್ದು ಆಯಿತಲ್ಲ, ಜ್ವರದ ವಿಷಯದಲ್ಲಿ ಯಾಕೆ ಸುಳ್ಳಾದೀತು?

ಮನೆಯವರ ಒತ್ತಾಯಕ್ಕೆ ಮೇ ಮೊದಲ ವಾರ ಒಂದು ದವಾಖಾನೆಗೆ ಹೋದರು. ವಿಡಾಲ್ ಪರೀಕ್ಷೆ ಮಾಡಿ ಟೈಫಾಯಿಡ್ ಎಂದರು, ಹತ್ತು ದಿನದ ಮಾತ್ರೆ ಕೊಟ್ಟರು. ನಮ್ಮ ಕಡೆ ಜ್ವರ ಹತ್ತು ದಿನ ದಾಟಿದರೆ ಟೈಫಾಯಿಡ್ ಎನ್ನುವುದು ರೂಢಿ. ಈ ಒಂದೇ ಒಂದು ವಿಡಾಲ್ ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ. ಬೇರೆ ಸೋಂಕುಗಳಲ್ಲೂ, ಹಿಂದೆಂದೋ ಬಂದು ಹೋದ ಟೈಫಾಯಿಡಿನಿಂದಲೂ ಅದು ಪಾಸಿಟಿವ್ ತೋರಿಸಬಹುದು. ಜ್ವರ ಒಂದು ವಾರ ಬಿಟ್ಟಂತೆ ಕಂಡಿತು, ಮತ್ತೆ ಬಂತು. ‘ನೋಡಿದ್ರೇನು, ಔಷಧದಿಂದ ಒಳಗ ಒತ್ತಿಟ್ರು, ಮತ್ತ ಎದ್ದು ಬಂತು’ ಎಂದರು ಮಾಸ್ತರರು.

ಜೂನ್ ಮೊದಲ ವಾರ, ರೋಹಿಣಿ ಮಳೆ ಒಂದು ಬಿದ್ದು ನೆಲ ತಣ್ಣಗಾದ ಮೇಲೆ ಅವರ ತಾಯಿ ಮೊಮ್ಮಗನ ಕೈಯಲ್ಲಿ ಫೋನ್ ಹಚ್ಚಿಸಿದರು.

“ಯವ್ವಾ, ಮಳಿ ಬಂದು ತಂಪಾಗೇದ, ನಾ ಚಾದರ ಹೊಚಗೊಂಡು ಮಲಗ್ತೀನಿ. ಇಂವ ಮಾತ್ರ ಇನ್ನಾ ರಾತ್ರಿ ಎರಡ ಅಂಗಿ ತೋಯಿಸ್ತಾನ. ನಡಾ ಹಿಡದು ಎದ್ದು ಕುಂದ್ರಾಕ ಬರವಲ್ದು. ಇದೇನು ವಿಷ ಹೊರಗ ಬರೋದೇನವ್ವ?”

ಬೇಸಿಗೆಯ ಬೆವರು ಹೋಗಿ ರೋಗದ ಬೆವರು ಉಳಿದದ್ದನ್ನು ಕಂಡವರು ಅಕ್ಷರ ಬಾರದ ಆ ಮುದುಕಿ. ಅಂದೇ ಸಂಜೆ ಮನೆಗೆ ಹೋದೆ. ಮಾಸ್ತರರು ಒಂದು ಮಗ್ಗುಲಿಗೆ ವಾಲಿ ಕೂತಿದ್ದರು, ಬಲಗಡೆ ಸೊಂಟದ ಕೆಳಗೆ ನೋವು. ತೂಕ 69. ಏನೇನು ತಿನ್ನುತ್ತಾರೆಂದು ಈ ಸಲ ಅವ್ವನನ್ನೇ ಕೇಳಿದೆ. ಎಲ್ಲ ಹೇಳಿ ಕೊನೆಗೆ, “ಸಂಜಿಕ ಆ ಆಡಿನ ಹಾಲು, ಹಸೀದು, ಹಿಂಡಿದ ಹಂಗೇ” ಎಂದರು.

“ಕಾಸೋದಿಲ್ಲೇನು ಆಯಿ?”

“ನಾ ಕಾಸಿ ಕೊಟ್ರ ‘ಹಾಲು ಸಾಯಿಸಿದಿ’ ಅಂತಾನ. ನಮ್ಮ ಅತ್ತಿ ಕುಳ್ಳಿನ ಬೆಂಕಿ ಮ್ಯಾಲ ಗಡಗಿ ಇಟ್ಟು, ಕೆನಿ ಕೆಂಪಗ ಆಗೂ ತನಕ ಇಳಸ್ತಿದ್ದಿಲ್ಲ. ಹಸಿ ಹಾಲು ಬೆಕ್ಕು ಕುಡಿತಾವ. ಇಂವ ಯಾರ ಹಿರ್ಯಾರನ್ನ ನೋಡಿ ಬಂದಾನೋ, ನಮ್ಮನ್ಯಾಗಿನವ್ರಲ್ಲ.”

ಪೂರ್ವಜರ ಆಹಾರ ಯಾವುದೆಂದು ಮಾಸ್ತರರು ಎರಡು ತಿಂಗಳು ಮೊಬೈಲಿನಲ್ಲಿ ಹುಡುಕಿದ್ದರು. ಪೂರ್ವಜರು ಅದೇ ಪಡಸಾಲೆಯಲ್ಲಿ ಅಡಿಕೆ ಕುಟ್ಟುತ್ತ ಕೂತಿದ್ದರು. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ನೊರೆಹಾಲು ಕುಡಿಯುವ ರೂಢಿ ನಮ್ಮಲ್ಲಿ ಇರಲೇ ಇಲ್ಲ ಎಂದಲ್ಲ. ತಾಲೀಮಿನ ಪೈಲ್ವಾನರು ಕೆಚ್ಚಲಿನಿಂದ ನೇರ ಕುಡಿಯುತ್ತಿದ್ದರು. ಅವರಲ್ಲಿ ಎಷ್ಟು ಜನ ‘ವಾತ’ ಎಂದು ನಡ ಹಿಡಿದುಕೊಂಡು ಮಲಗಿದರೆಂದು ಲೆಕ್ಕ ಇಟ್ಟವರಿಲ್ಲ, ಅಷ್ಟೇ.

ಸಂಜೆ ಜ್ವರ, ನಸುಕಿನ ಬೆವರು, ಬಂದು ಹೋಗುವ ಚಾಳಿ, ಸೊಂಟದ ಕೀಲು, ಆಡಿನ ಹಸಿ ಹಾಲು. ಐದನ್ನೂ ಒಂದು ಚೀಟಿಯಲ್ಲಿ ಬರೆದು, ಮರುದಿನ ಒಬ್ಬ ಹಿರಿಯ ಫಿಜಿಶಿಯನ್ ಬಳಿ ಕರೆದೊಯ್ದೆ. ಅವರು ಚೀಟಿ ಓದಿ ಮುಗಿಸುವ ಮುನ್ನವೇ “ಬ್ರುಸೆಲ್ಲಾ ನೋಡೋಣ” ಎಂದರು. ಆಡು-ದನಗಳಿಂದ, ಅವುಗಳ ಹಸಿ ಹಾಲಿನಿಂದ ಮನುಷ್ಯರಿಗೆ ಅಂಟುವ ಬ್ಯಾಕ್ಟೀರಿಯಾ ಅದು. ಅದನ್ನು ಹುಡುಕುವ ರೋಸ್ ಬೆಂಗಾಲ್ ಎಂಬ ರಕ್ತಪರೀಕ್ಷೆ ಪಾಸಿಟಿವ್. ಪ್ರತಿಕಾಯಗಳನ್ನು ಅಳೆಯುವ ಅಗ್ಲುಟಿನೇಶನ್ ಪರೀಕ್ಷೆಯಲ್ಲಿ 1:640, ಸಾಮಾನ್ಯವಾಗಿ 1:160 ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರಿಗೆ ಕಳಿಸುವಾಗ ಪ್ರಯೋಗಾಲಯಕ್ಕೆ ಮೊದಲೇ ಫೋನ್ ಮಾಡಿ ತಿಳಿಸಿದರು. ಈ ಬ್ಯಾಕ್ಟೀರಿಯಾ ನಿಧಾನ ಬೆಳೆಯುತ್ತದೆ, ಬೇಗ ಎಸೆದರೆ ಸಿಗುವುದಿಲ್ಲ. ಅಲ್ಲಿ ಕೆಲಸ ಮಾಡುವವರಿಗೇ ಗಾಳಿಯಿಂದ ಅಂಟುವ ಭಯವೂ ಇದೆ. ಎಂಆರ್‌ಐಯಲ್ಲಿ ಬೆನ್ನುಮೂಳೆಯ ಬುಡ ಸೊಂಟದ ಎಲುಬಿಗೆ ಸೇರುವ ಬಲಗಡೆಯ ಕೀಲು ಉರಿಯೂತದಿಂದ ಊದಿತ್ತು.

ಈ ರೋಗಕ್ಕೂ ಆಡಿನ ಹಾಲಿಗೂ ಇರುವ ನಂಟು ಗೊತ್ತಾದದ್ದು ಮಾಲ್ಟಾ ದ್ವೀಪದಲ್ಲಿ. ಅಲ್ಲಿನ ಬ್ರಿಟಿಷ್ ಸೈನಿಕರು ವರ್ಷ ವರ್ಷ ಬಿಡದ ಜ್ವರದಲ್ಲಿ ಮಲಗುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಸತ್ತವರ ಗುಲ್ಮದಲ್ಲಿ ಬ್ಯಾಕ್ಟೀರಿಯಾ ಕಂಡುಹಿಡಿದರು, ಅವರ ಹೆಸರೇ ಅದಕ್ಕೆ ನಿಂತಿತು. ಅದು ಎಲ್ಲಿಂದ ಬರುತ್ತದೆಂದು ತಿಳಿಯಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವರೇ ಆದ ತೆಮಿಸ್ಟೋಕ್ಲೀಸ್ ಝಮಿತ್, ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳ ರಕ್ತದಲ್ಲಿ ಅದನ್ನು ಕಂಡರು. ಮನೆ ಬಾಗಿಲಿಗೆ ಆಡು ಹೊಡೆದುಕೊಂಡು ಬಂದು ಎದುರಿಗೇ ಹಿಂಡಿಕೊಡುವ ರೂಢಿ ಅಲ್ಲಿ ಇತ್ತು. ಅದಕ್ಕಿಂತ ತಾಜಾ ಹಾಲು ಇರಲಾರದು. 1906ರಲ್ಲಿ ಸೇನೆಗೆ ಆ ಹಾಲು ನಿಲ್ಲಿಸಿದ ಮೇಲೆ ಸೈನಿಕರಲ್ಲಿ ಜ್ವರ ಬಿದ್ದುಹೋಯಿತು.

ಇದನ್ನು ಮಾಸ್ತರರಿಗೆ ಹೇಳಿದಾಗ ಮೊದಲ ಬಾರಿ ಅವರು ವಾದಿಸಲಿಲ್ಲ. ಇತಿಹಾಸ ಕಲಿಸುವವರಿಗೆ ಇಸವಿ ಹಿಡಿಸಿತೋ, ನೋವೇ ಸಾಕಾಗಿತ್ತೋ.

ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು, ರಿಫಾಂಪಿಸಿನ್ 600 ಮಿ.ಗ್ರಾಂ. ಒಂದು. ಕೀಲು ಹಿಡಿಯದಿದ್ದರೆ ಆರು ವಾರ, ಇವರಿಗೆ ಹನ್ನೆರಡು ಎಂದರು. ಮೊದಲು ಎದೆಯ ಎಕ್ಸ್‌ರೇ ತೆಗೆದು, ಕಫ ನೋಡಿ ಕ್ಷಯ ಇಲ್ಲವೆಂದು ಖಚಿತ ಮಾಡಿಕೊಂಡರು. ಕ್ಷಯಕ್ಕೂ ರಿಫಾಂಪಿಸಿನ್ನೇ ಮುಖ್ಯ ಔಷಧ, ಅರೆಬರೆ ಕೊಟ್ಟು ಕ್ಷಯದ ಬ್ಯಾಕ್ಟೀರಿಯಾಕ್ಕೆ ಆ ಔಷಧ ನಾಟದಂತೆ ಮಾಡುವುದು ದೊಡ್ಡ ಅನಾಹುತ. ಎರಡು ತಿಂಗಳ ಸೋಂಕಿನಲ್ಲಿ ಸಕ್ಕರೆ ಮತ್ತೆ 240ಕ್ಕೆ ಏರಿತ್ತು, ಮೆಟ್‌ಫಾರ್ಮಿನ್ ವಾಪಸ್ ಬಂತು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಹಾಲಿನ ಜತೆ ನುಂಗಬೇಡಿ, ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಬಿಡುತ್ತದೆ ಎಂದು ಔಷಧ ಅಂಗಡಿಯವ ಹೇಳಿದಾಗ ಅವರ ಹೆಂಡತಿ ಬಹಳ ದಿನದ ಮೇಲೆ ನಕ್ಕರು.

ಮೂರನೇ ದಿನ ಮಾಸ್ತರರ ಫೋನ್. ಮೂತ್ರ ಕೇಸರಿ ಬಣ್ಣಕ್ಕೆ ಬಂದಿದೆ. “ಮೇಡಂ, ಖರೆ ಹೇಳ್ರಿ, ಇದು ವಿಷ ಹೊರಗ ಬರೋದಲ್ಲೇನು?” ರಿಫಾಂಪಿಸಿನ್ ತಿಂದವರೆಲ್ಲರಿಗೂ ಹಾಗಾಗುತ್ತದೆ, ಕಣ್ಣೀರು ಕೂಡ ಬಣ್ಣ ಹಿಡಿಯಬಹುದು ಎಂದೆ. ಹತ್ತು ದಿನಕ್ಕೆ ಜ್ವರ ನಿಂತಿತು. ನಡ ಸರಿಯಾಗಲು ಆಗಸ್ಟ್ ಬೇಕಾಯಿತು.

ರಜೆಯಲ್ಲಿ ಅಜ್ಜನ ಲೋಟದಿಂದ ಒಂದೆರಡು ಗುಟುಕು ಕುಡಿದ ಮೊಮ್ಮಗನ ರಕ್ತ ನೋಡಿಸುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಅವನಿಗೆ ಏನೂ ಇಲ್ಲ. ಕೆರೆ ಸುತ್ತುವ ಇಬ್ಬರು ಶಿಷ್ಯರಲ್ಲಿ ಒಬ್ಬರು ಪ್ಯಾಕೆಟ್ ಹಾಲನ್ನು ‘ಹಸಿ’ ಎಂದು ಕುಡಿಯುತ್ತಿದ್ದರಂತೆ. ಡೇರಿಯ ಪ್ಯಾಕೆಟ್ ಹಾಲು ಪಾಶ್ಚರೀಕರಣವಾಗಿಯೇ ಬರುತ್ತದೆ. 72 ಡಿಗ್ರಿಗೆ 15 ಸೆಕೆಂಡ್, ಇಲ್ಲವೆ 63 ಡಿಗ್ರಿಗೆ ಅರ್ಧ ಗಂಟೆ ಕಾದರೆ ಬ್ರುಸೆಲ್ಲಾ ಉಳಿಯುವುದಿಲ್ಲ. ಪಾಪ, ಅವರ ತಿಳಿಗೇಡಿತನವೇ ಅವರನ್ನು ಕಾಯಿತು. ಹಸಿ ಹಾಲನ್ನು ಹೆಪ್ಪು ಹಾಕಿದರೆ ಸಾಕಲ್ಲವೆ ಎಂದು ಇನ್ನೊಬ್ಬರು ಕೇಳಿದರು. ಸಾಲದು, ಹುಳಿಯನ್ನು ನಂಬಿ ಕೂರುವಂತಿಲ್ಲ. ಉಕ್ಕು ಬರುವವರೆಗೆ ಕಾಸಿ, ಆರಿಸಿ, ಆಮೇಲೆ ಹೆಪ್ಪು.

ಮಾಸ್ತರರು ಮಧ್ಯಾಹ್ನದ ಹಸಿ ತಾಟು ಬಿಟ್ಟಿಲ್ಲ, ಬಿಡಿ ಎಂದು ನಾನೂ ಹೇಳಿಲ್ಲ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತಾರೆ, ಚರಂಡಿ ನೀರು ಹರಿಯುವ ಕಡೆಯ ಪಲ್ಯ ತರುವುದಿಲ್ಲ. ರಾತ್ರಿ ರೊಟ್ಟಿ ಎರಡಾಗಿವೆ, ಜತೆಗೆ ತೊಗರಿ ಬೇಳೆ ಇಲ್ಲವೆ ಪುಂಡಿ ಪಲ್ಯ. ಸೆಪ್ಟೆಂಬರಿನಲ್ಲಿ ತೂಕ 73, ಎಚ್‌ಬಿಎ1ಸಿ 7.2.

ಇನ್ನು ಆಡಿನ ಯಜಮಾನ. ಅವನ ಮಾತಿಲ್ಲದೆ ಈ ಪ್ರಕರಣ ಪೂರ್ಣವಾಗುವುದಿಲ್ಲ. ಊರು ನಾಲ್ಕು ಮೈಲಿ, ಹದಿನಾಲ್ಕು ಆಡು. ಜೂನ್ ಕೊನೆಗೆ ನಾನು ಮತ್ತು ಮಾಸ್ತರರ ಹೆಂಡತಿ ಹೋದೆವು. ಯಾವುದಾದರೂ ಆಡು ಕಂದು ಹಾಕಿತ್ತೇ, ಅಂದರೆ ದಿನ ತುಂಬುವ ಮುಂಚೆ ಸತ್ತ ಮರಿ ಹಾಕಿತ್ತೇ ಎಂದು ಕೇಳಿದರೆ, ಶಿವರಾತ್ರಿ ಮುಂದೆ ಎರಡು ಹಾಕಿದ್ದವು, ಕೈಯಿಂದಲೇ ಎತ್ತಿ ತಿಪ್ಪೆಗೆ ಹಾಕಿದೆ ಎಂದ. “ನಾವು ಕಾಸ್ದೇ ಕುಡಿಯಂಗಿಲ್ರಿ ಅಕ್ಕೋರೆ. ಮಾಸ್ತರ್ರು ಓದಿದವ್ರು, ಹಸೀನೇ ಬೇಕು ಅಂದ್ರು. ಕೊಟ್ಟೆ.” ಹಾಲಿನಿಂದ ಅವನಿಗೆ ಬಂದಿರಲಿಕ್ಕಿಲ್ಲ. ಆದರೆ ಸತ್ತ ಕಂದು, ಮಾಸು, ಅದರ ನೀರು ಮುಟ್ಟಿದ ಬರಿಗೈಯ ಗಾಯದಿಂದಲೂ ಈ ರೋಗ ಒಳಗೆ ಹೋಗುತ್ತದೆ. ಅವನಿಗೂ ಹೋದ ವರ್ಷದಿಂದ ಮೊಳಕಾಲು ನೋವು, ಆಗೊಮ್ಮೆ ಈಗೊಮ್ಮೆ ಸಂಜೆ ಜ್ವರ. ಪಶುವೈದ್ಯರು ಬಂದು ಆಡುಗಳ ರಕ್ತ ತೆಗೆದರು, ಐದು ಪಾಸಿಟಿವ್. ದನ-ಎಮ್ಮೆಯ ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಿಂದ ಇದೆ. ಅದು ಆಡು-ಕುರಿಗಲ್ಲ. ಆ ಐದನ್ನು ಏನು ಮಾಡುವುದು? ಮಾರಿದರೆ ರೋಗ ಇನ್ನೊಂದು ಹಟ್ಟಿಗೆ, ಇಟ್ಟುಕೊಂಡರೆ ಉಳಿದ ಒಂಬತ್ತಕ್ಕೆ. ಬೇರೆ ಕಟ್ಟು ಎಂದರು. ಬೇರೆ ಕಟ್ಟಲು ಅವನಿಗೆ ಇನ್ನೊಂದು ಗೋಡೆ ಇಲ್ಲ.

ಅವನ ರಕ್ತವೂ ಪಾಸಿಟಿವ್ ಬಂತು. ಆರು ವಾರದ ಮಾತ್ರೆಯಲ್ಲಿ ಎರಡು ವಾರದ್ದು ಒಯ್ದ. ಮೂರನೇ ವಾರಕ್ಕೆ ಬರಲಿಲ್ಲ. ಫೋನ್ ಮಾಡಿದರೆ ತೊಗರಿಯಲ್ಲಿ ಎಡೆ ಹೊಡೆಯುತ್ತಿದ್ದ. “ಈಗ ಆರಾಮ ಅದೀನ್ರಿ ಅಕ್ಕೋರೆ, ಮಳಿ ಬಿಡುವು ಕೊಟ್ಟೇದ, ಹೊಲ ಬಿಟ್ಟು ಹೆಂಗ ಬರ್ಲಿ?” ಎಂದ. ಮಾತ್ರೆಯನ್ನು ಆ ಊರಿನ ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಳಿಸಿದ್ದೇನೆ. ನುಂಗುತ್ತಿದ್ದಾನೋ ಇಲ್ಲವೋ, ಬರುವ ಸೋಮವಾರ ಹೋಗಿ ಪಟ್ಟಿಯಲ್ಲಿ ಉಳಿದ ಮಾತ್ರೆ ಎಣಿಸಬೇಕು.